ಹಾಡು ಕನ್ನಡದ್ದು, ಹಾಡಿನ ಸುತ್ತಲ ಕಥೆ ಯಾರದ್ದು?



ನಿಮ್ಮ ಮನೆಯ ಹುಡುಗರು ಮೆಚ್ಚಿ ಕೇಳುವ ಒಂದು ಹೊಸ ಕನ್ನಡ ಹಾಡನ್ನು ಫೋನಿನಲ್ಲಿ ತೆರೆಯಿರಿ. ಹಾಡನ್ನು ಆಮೇಲೆ ಕೇಳೋಣ. ಮೊದಲು ಅದರ ಸುತ್ತ ಏನಿದೆ ಎಂದು ಕಣ್ಣಾಡಿಸಿ. ಹಾಡಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ. ಹಾಡಿದವನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ. ಚಿತ್ರೀಕರಣದ ಹಿಂದಿನ ಕಥೆ ಇಂಗ್ಲಿಷಿನಲ್ಲಿ. ಅಭಿಮಾನಿಗಳಿಗೆ ಕೃತಜ್ಞತೆ ಇಂಗ್ಲಿಷಿನಲ್ಲಿ. ಮುಂದಿನ ಕಾರ್ಯಕ್ರಮದ ಆಹ್ವಾನವೂ ಇಂಗ್ಲಿಷಿನಲ್ಲೇ. ಕನ್ನಡ ಉಳಿದಿರುವುದು ಗಾಯಕನ ಗಂಟಲಿನಲ್ಲಿ ಮಾತ್ರ. ಅದೂ ನಾಲ್ಕು ನಿಮಿಷ. ಐದನೆಯ ನಿಮಿಷಕ್ಕೆ ಕನ್ನಡದ ಕೆಲಸ ಮುಗಿಯಿತು, ಹೋಗಿ ಬಾ ತಾಯಿ!

"ಹಾಡು ಕನ್ನಡದಲ್ಲಿದೆಯಲ್ಲ, ಅಷ್ಟು ಸಾಲದೇ? ಇವರಿಗೆ ಎಲ್ಲದರಲ್ಲೂ ತಕರಾರು" ಎಂದು ಕೆಲವರು ಮೂಗು ಮುರಿಯಬಹುದು. ಸಾಲದು. ಏಕೆ ಸಾಲದು ಎಂದು ಹೇಳುವುದಕ್ಕೇ ಈ ಬರಹ.

ಹಾಡು ಈಗ ಒಂಟಿಯಾಗಿ ಬರುವುದಿಲ್ಲ

ಇಂದು ಜಗತ್ತಿನ ಸಂಗೀತಗಾರರು ಬರೀ ಹಾಡು ಮಾರುತ್ತಿಲ್ಲ. ಹಾಡಿನ ಜೊತೆಗೆ ಒಂದು ಕಥೆಯನ್ನು ಕಟ್ಟುತ್ತಾರೆ. ಆ ಕಥೆಯನ್ನು ಒಂದೇ ಕಡೆ ಪೂರ್ತಿ ಹೇಳಿಬಿಡುವುದಿಲ್ಲ. ಒಂದು ತುಣುಕು ಹಾಡಿನಲ್ಲಿ, ಇನ್ನೊಂದು ವಿಡಿಯೋದಲ್ಲಿ, ಮತ್ತೊಂದು ಪುಸ್ತಕದಲ್ಲಿ, ಮಗದೊಂದು ಅಂಗಿಯ ಮೇಲಿನ ಅಚ್ಚಿನಲ್ಲಿ. ಅಭಿಮಾನಿ ಅದನ್ನು ಹುಡುಕಿ, ಹೆಕ್ಕಿ, ಪೋಣಿಸಬೇಕು. ಪೋಣಿಸುತ್ತಾ ಪೋಣಿಸುತ್ತಾ ಅವನು ಕೇಳುಗನಾಗಿ ಉಳಿಯುವುದಿಲ್ಲ, ಆ ಲೋಕದ ನಿವಾಸಿಯೇ ಆಗಿಬಿಡುತ್ತಾನೆ. ಇದಕ್ಕೆ ಟ್ರಾನ್ಸ್‌ಮೀಡಿಯಾ ಎಂಬ ದೊಡ್ಡ ಹೆಸರಿದೆ. ಹೆನ್ರಿ ಜೆಂಕಿನ್ಸ್ ಎಂಬ ಅಮೆರಿಕದ ವಿದ್ವಾಂಸರು ಈ ಶತಮಾನದ ಮೊದಲ ದಶಕದಲ್ಲಿ ಇದನ್ನು ವಿವರಿಸಿ ಬರೆದ ಮೇಲೆ ಆ ಹೆಸರು ಎಲ್ಲರ ಬಾಯಿಗೆ ಬಂತು. ನಾವು ಬಹುಮಾಧ್ಯಮದ ಕಥನ ಎನ್ನೋಣ. ಅದರ ನಿಯಮ ಒಂದೇ: ಹೇಳಿದ್ದನ್ನೇ ಇನ್ನೊಂದು ಕಡೆ ಮತ್ತೆ ಹೇಳಬಾರದು, ಪ್ರತಿ ಮಾಧ್ಯಮವೂ ಹೊಸದೊಂದನ್ನು ಸೇರಿಸಬೇಕು.

ಉದಾಹರಣೆ ಬೇಕೆ? ಇಂಗ್ಲೆಂಡಿನ ಗೊರಿಲ್ಲಾಜ್ ತಂಡವನ್ನು ನೋಡಿ. 1998ರಲ್ಲಿ ಡೇಮನ್ ಆಲ್ಬರ್ನ್ ಎಂಬ ಗಾಯಕ, ಜೇಮಿ ಹ್ಯೂಲೆಟ್ ಎಂಬ ವ್ಯಂಗ್ಯಚಿತ್ರಕಾರ ಸೇರಿ ಕಟ್ಟಿದ ಈ ತಂಡದ ನಾಲ್ವರು ಸದಸ್ಯರೂ ಬರೆದ ಚಿತ್ರಗಳು! ಇಲ್ಲದ ಆ ನಾಲ್ವರಿಗೆ ಹುಟ್ಟೂರು, ಜಗಳ, ಮುನಿಸು ಎಲ್ಲವನ್ನೂ ಕಟ್ಟಿಕೊಟ್ಟರು. ಜನ ಅವರನ್ನು ನಿಜವಾದವರಂತೆಯೇ ಪ್ರೀತಿಸಿದರು.

ಅಮೆರಿಕದ ನೈನ್ ಇಂಚ್ ನೇಲ್ಸ್ ತಂಡ 2007ರಲ್ಲಿ ಮಾಡಿದ್ದು ಇನ್ನೂ ಚಮತ್ಕಾರ. 'ಇಯರ್ ಝೀರೋ' ಎಂಬ ಅವರ ಆಲ್ಬಂ, ಆಗಿನ ಲೆಕ್ಕಕ್ಕೆ ಹದಿನೈದು ವರ್ಷ ಮುಂದಿನ, ದಬ್ಬಾಳಿಕೆಗೆ ಸಿಕ್ಕ ಅಮೆರಿಕದ ಕಥೆ. ಅದು ಬರುವ ಮೊದಲೇ, ಯುರೋಪಿನ ಪ್ರವಾಸದಲ್ಲಿ ಮಾರಿದ ಅಂಗಿಗಳ ಮೇಲೆ ಕೆಲವು ಅಕ್ಷರಗಳು ಬೇರೆ ಥರ ಎದ್ದು ಕಾಣುತ್ತಿದ್ದವು. ಅವನ್ನು ಕೂಡಿಸಿ ಓದಿದವರಿಗೆ ಒಂದು ವಾಕ್ಯ ಸಿಕ್ಕಿತು. ಅದನ್ನು ಹಿಡಿದು ಹೋದವರಿಗೆ ಅಂತರ್ಜಾಲದಲ್ಲಿ ಕಥೆಯ ಬಾಗಿಲು ತೆರೆಯಿತು. ಲಿಸ್ಬನ್ನಿನ ಕಾರ್ಯಕ್ರಮದ ಶೌಚಾಲಯದಲ್ಲಿ ಬಿಟ್ಟುಹೋಗಿದ್ದ ಪುಟ್ಟ ಪೆನ್‌ಡ್ರೈವ್ ಒಂದರಲ್ಲಿ, ಇನ್ನೂ ಬಿಡುಗಡೆಯಾಗದ ಹಾಡೊಂದು ಅಭಿಮಾನಿಗಳಿಗೆ ಸಿಕ್ಕಿತು!

ಇದೆಲ್ಲ ವ್ಯಾಪಾರದ ಗಿಮಿಕ್ ಎನ್ನುತ್ತೀರಾ? ಹೌದು, ವ್ಯಾಪಾರವೂ ಇದೆ. ಆದರೆ ಅದರೊಳಗೆ ನಾವು ಗಮನಿಸಬೇಕಾದ ಒಂದು ಸತ್ಯವಿದೆ. ಜನರನ್ನು ಹಿಡಿದಿಡುವುದು ರಾಗ ಒಂದೇ ಅಲ್ಲ, ರಾಗದ ಸುತ್ತಲಿನ ಕಥೆ. ಆ ಕಥೆ ಯಾವ ಭಾಷೆಯಲ್ಲಿದೆಯೋ ಅಭಿಮಾನಿ ಆ ಭಾಷೆಯಲ್ಲಿ ಬದುಕಲು ಶುರುಮಾಡುತ್ತಾನೆ.

ಇದು ನಮಗೆ ಹೊಸದೇ?

ಹೊಸದಲ್ಲ! ಹೆಸರು ಹೊಸದಿರಬಹುದು, ವಿದ್ಯೆ ನಮ್ಮದೇ ಮನೆಯ ಅಟ್ಟದ ಮೇಲಿದೆ.

ಟೂರಿಂಗ್ ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ ನೆನಪಿದೆಯೇ? ಅಗ್ಗದ ಕಾಗದ, ಮಸುಕು ಅಚ್ಚು. ಮೊದಲ ಪುಟದಲ್ಲಿ ನಟನಟಿಯರ ಪಟ್ಟಿ, ಆಮೇಲೆ ಕಥಾಸಾರ. ಕಥೆ ರೋಚಕ ಘಟ್ಟಕ್ಕೆ ಬಂದ ಕೂಡಲೇ ನಿಂತುಬಿಡುತ್ತಿತ್ತು. ಮುಂದೇನಾಯಿತು ಎಂಬುದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ಓದುಗನನ್ನು ಟಿಕೆಟ್ಟಿನ ಕಿಂಡಿಗೆ ಅಟ್ಟುತ್ತಿತ್ತು. ಸಿನಿಮಾ ನೋಡಿ ಬಂದವರು ಅದೇ ಪುಸ್ತಕ ಹಿಡಿದು ಮನೆಯಲ್ಲಿ ಹಾಡು ಕಲಿಯುತ್ತಿದ್ದರು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಎಷ್ಟೋ ಜನ ಅಕ್ಷರ ಕೂಡಿಸಿ ಓದುವ ರೂಢಿ ಉಳಿಸಿಕೊಂಡದ್ದು ಇಂಥ ಪುಸ್ತಕದಿಂದ. ಇಂದಿನ ಪಂಡಿತರು ಬಹುಮಾಧ್ಯಮ ಎಂದು ಕರೆಯುವುದು ಇದನ್ನಲ್ಲದೆ ಮತ್ತೇನು? ಅದರ ಒಂದೊಂದು ಅಕ್ಷರವೂ ಕನ್ನಡವಾಗಿತ್ತು ಎಂಬುದನ್ನು ಮಾತ್ರ ಮರೆಯಬೇಡಿ.

ಅರಿಶಿನಕುಂಟೆಯ ಮುಂದೆ ಹಾಯ್ದು ತುಮಕೂರಿನ ಕಡೆ ಹೋಗುವ ಹೆದ್ದಾರಿ ನಿಮಗೆ ಗೊತ್ತು. ತುಮಕೂರಿನಿಂದ ಇನ್ನಷ್ಟು ಮುಂದೆ ಗುಬ್ಬಿ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿ ವೀರಣ್ಣನವರ ಕೈಯಲ್ಲಿ ನಾಡಿಗೇ ದೊಡ್ಡ ಹೆಸರಾಯಿತು. ಕಂಪನಿ ನಾಟಕದ ಹಾಡು ರಂಗದಿಂದ ಗ್ರಾಮಾಫೋನ್ ತಟ್ಟೆಗೆ, ತಟ್ಟೆಯಿಂದ ಹೋಟೆಲಿಗೆ, ಹೋಟೆಲಿನಿಂದ ಹೊಲಕ್ಕೆ ನಡೆಯಿತು. ರಂಗದ ಮೇಲೆ ಜನ ಕಂಡಿದ್ದ ಬೇಡರ ಕಣ್ಣಪ್ಪ 1954ರಲ್ಲಿ ಸಿನಿಮಾ ಆಗಿ ಬಂದಾಗ ರಾಜಕುಮಾರ್ ಎಂಬ ಹೊಸ ನಾಯಕ ನಾಡಿಗೆ ಸಿಕ್ಕರು. ಕಥೆ ಜನಕ್ಕೆ ಗೊತ್ತೇ ಇತ್ತು. ಗೊತ್ತಿದ್ದ ಕಥೆಗೆ ಹೊಸ ಮುಖ, ಹೊಸ ದನಿ ಸೇರಿತು. ಅದಕ್ಕೇ ಜನ ಮುಗಿಬಿದ್ದರು.

ಶರೀಫರ ಗುಡುಗುಡಿ, ನರಸಿಂಹಸ್ವಾಮಿಯವರ ಮಲ್ಲಿಗೆ

ಶಿಶುನಾಳ ಶರೀಫರನ್ನು ತೆಗೆದುಕೊಳ್ಳಿ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಈ ಸಂತರ ಪದಗಳನ್ನು ಭಜನೆ ಮೇಳಗಳು ಕಾಪಾಡಿದವು. ಆದರೆ ಬರೀ ಪದಗಳನ್ನಲ್ಲ. ಬ್ರಾಹ್ಮಣ ಗುರು ಗೋವಿಂದಭಟ್ಟರು ಮುಸ್ಲಿಂ ಶಿಷ್ಯನಿಗೆ ಜನಿವಾರ ಹಾಕಿದ ಕಥೆ ಪದದ ಬೆನ್ನಿಗೇ ಬಂತು. ಕಥೆ ಕೇಳಿದವನು ಪದ ಕೇಳಿದ, ಪದ ಕೇಳಿದವನು ಶಿಶುನಾಳದ ಜಾತ್ರೆಗೆ ಹೋದ. ಆಮೇಲೆ ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಮುಂತಾದವರ ದನಿಯಲ್ಲಿ ಶರೀಫರು ಧ್ವನಿಸುರುಳಿ ಹತ್ತಿದರು. 1990ರಲ್ಲಿ ಟಿ. ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ತೆರೆಗೆ ಬಂತು. ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡರು ಗೋವಿಂದಭಟ್ಟರಾದರು, ಅಶ್ವತ್ಥರ ಸಂಗೀತ. ಉತ್ತರ ಕರ್ನಾಟಕದ ಭಜನೆ ಪದ ಅರಿಶಿನಕುಂಟೆಯ ಟೀ ಅಂಗಡಿಗೂ ಬಂದು ಕೂತಿತು. ಯಾರೂ ಯಾವ ಇಂಗ್ಲಿಷ್ ಪ್ರಚಾರವನ್ನೂ ಕೊಡಲಿಲ್ಲ!

ಇನ್ನು ಮೈಸೂರ ಮಲ್ಲಿಗೆ. ಕೆ. ಎಸ್. ನರಸಿಂಹಸ್ವಾಮಿಯವರ ಈ ಕವನ ಸಂಕಲನ ಬಂದದ್ದು 1942ರಲ್ಲಿ. ಬಿಡಿ ಬಿಡಿ ಪದ್ಯಗಳು. ಆದರೆ ಒಂದರಲ್ಲಿ ಶಾನುಭೋಗರ ಮಗಳು, ಇನ್ನೊಂದರಲ್ಲಿ ಬಳೆಗಾರ ಚೆನ್ನಯ್ಯ, ಮತ್ತೊಂದರಲ್ಲಿ ತವರಿಗೆ ಹೋದ ಹೆಂಡತಿ. ಓದುವವನೇ ಕೂಡಿಸಿಕೊಂಡರೆ ಒಂದು ಊರು, ಒಂದು ಸಂಸಾರ ಕಣ್ಣ ಮುಂದೆ ನಿಲ್ಲುತ್ತದೆ. ಅಂಗಿಯ ಅಕ್ಷರ ಕೂಡಿಸಿ ಕಥೆ ಹುಡುಕುವ ಆಟಕ್ಕೆ ಇದೇನು ಕಡಿಮೆ? ಸುಗಮ ಸಂಗೀತದವರು ಆ ಪದ್ಯಗಳಿಗೆ ರಾಗ ಕೊಟ್ಟರು. ಮದುವೆ ಮನೆಗಳಲ್ಲಿ ಮಲ್ಲಿಗೆ ಹಾಡಿದರು. 1992ರಲ್ಲಿ ನಾಗಾಭರಣರು ಆ ಪದ್ಯಗಳನ್ನು ಹೆಣೆದು, ಸ್ವಾತಂತ್ರ್ಯ ಹೋರಾಟದ ದಿನಗಳ ಹಳ್ಳಿಯ ಕಥೆಯಾಗಿ ತೆರೆಗೆ ತಂದರು. ಐವತ್ತು ವರ್ಷದ ಹಿಂದಿನ ಪುಸ್ತಕದ ಕವಿಗೆ ಶ್ರೇಷ್ಠ ಗೀತರಚನೆಯ ರಾಷ್ಟ್ರಪ್ರಶಸ್ತಿ ಬಂತು! ಆಮೇಲೆ ಕಲಾಗಂಗೋತ್ರಿ ತಂಡ ಮಲ್ಲಿಗೆಯನ್ನು ರಂಗಕ್ಕೂ ಏರಿಸಿತು.

ಗಮನಿಸಿ. ಪುಸ್ತಕ ಹೇಳಿದ್ದನ್ನು ಧ್ವನಿಸುರುಳಿ ಬರಿದೇ ಒಪ್ಪಿಸಲಿಲ್ಲ, ರಾಗ ಸೇರಿಸಿತು. ಸಿನಿಮಾ ಊರು ಸೇರಿಸಿತು, ಕಾಲ ಸೇರಿಸಿತು. ನಾಟಕ ಎದುರಿಗೇ ಉಸಿರಾಡುವ ಮನುಷ್ಯರನ್ನು ಸೇರಿಸಿತು. ಒಂದು ಬಾಗಿಲಿನಿಂದ ಒಳಗೆ ಬಂದವನು ಇನ್ನೊಂದು ಬಾಗಿಲು ತೆರೆದ. ಸಿನಿಮಾ ನೋಡಿದ ಹುಡುಗಿ ಪುಸ್ತಕ ಕೊಂಡಳು. ಆ ಮನೆಯ ಪ್ರತಿಯೊಂದು ಬಾಗಿಲಿನ ಮೇಲೂ ಕನ್ನಡದ ತೋರಣವಿತ್ತು. ನಮ್ಮ ಹಿರಿಯರು ಗೆದ್ದದ್ದು ಹೀಗೆ.

ದಾರ ಕಡಿದದ್ದು ಎಲ್ಲಿ?

1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ ಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಅದನ್ನೇ ನೆನೆಯುತ್ತಾರೆ. ಅಂದಿನಿಂದ ಎರಡು ದಶಕ ಮನೆಮನೆಗೆ ಬಂದ ಭಾವಗೀತೆಯ ಡಬ್ಬಿಗಳನ್ನು ನೆನಪಿಸಿಕೊಳ್ಳಿ. ಅಂಗೈಯಗಲದ ಕಾಗದ. ಅದರಲ್ಲೇ ಕವಿಯ ಹೆಸರು, ರಾಗ ಹಾಕಿದವರ ಹೆಸರು, ಹಾಡಿದವರ ಹೆಸರು. ಎಲ್ಲ ಕನ್ನಡದಲ್ಲಿ. ಆ ಕಾಗದ ಓದಿಯೇ ಒಂದು ತಲೆಮಾರಿಗೆ ಕವಿಗಳ ಪರಿಚಯವಾಯಿತು. ಹಾಡು ಕೇಳುತ್ತಾ ಹೆಸರು ಓದುತ್ತಿದ್ದರು. ಹೆಸರು ಓದಿದವರು ಗ್ರಂಥಾಲಯಕ್ಕೆ ಹೋಗಿ ಆ ಕವಿಯ ಪುಸ್ತಕ ಕೇಳುತ್ತಿದ್ದರು.

ಇಂದು ಫೋನಿನ ಪರದೆಯ ಮೇಲೆ ಎಷ್ಟೋ ಭಾವಗೀತೆಗಳಿಗೆ ಕವಿಯೇ ಇಲ್ಲ. ಗಾಯಕನ ಹೆಸರಿದೆ, ಕಂಪನಿಯ ಮುದ್ರೆ ದೊಡ್ಡದಾಗಿದೆ. ಬರೆದವನು ಮಾತ್ರ ಅನಾಥ. ಮಕ್ಕಳು ಹಾಡು ಕೇಳುತ್ತಾರೆ, ಬರೆದವರು ಯಾರೆಂದು ಕೇಳಿದರೆ ಗಾಯಕನ ಹೆಸರು ಹೇಳುತ್ತಾರೆ. ತಪ್ಪು ಮಕ್ಕಳದ್ದೇ? ಅಂಗೈಯಗಲದ ಕಾಗದದಲ್ಲಿ ಹಿಡಿಸಿದ್ದು, ಕೊನೆಯೇ ಇಲ್ಲದ ಪರದೆಯಲ್ಲಿ ಹಿಡಿಸುವುದಿಲ್ಲವೆಂದರೆ ಯಾರಾದರೂ ನಂಬುತ್ತಾರೆಯೇ? ಇದು ಜಾಗದ ಅಭಾವವಲ್ಲ, ಅಭಿಮಾನದ ಅಭಾವ.

ದಾರ ಕಡಿದದ್ದು ಇಲ್ಲಿ. ಹಾಡು ಉಳಿಯಿತು, ಹಾಡಿನಿಂದ ಪುಸ್ತಕಕ್ಕೆ, ಪುಸ್ತಕದಿಂದ ನಾಟಕಕ್ಕೆ, ನಾಟಕದಿಂದ ಊರಿಗೆ ಇದ್ದ ಕನ್ನಡದ ದಾರಿಗಳು ಮುಚ್ಚಿಹೋದವು. ಮುಚ್ಚಿದ ದಾರಿಗಳ ಜಾಗದಲ್ಲಿ ಈಗ ಇಂಗ್ಲಿಷಿನ ಹೆದ್ದಾರಿ.

'ಮಾರುಕಟ್ಟೆ' ಎಂಬ ಮಂತ್ರ

ಕೇಳಿದರೆ ನಮ್ಮ ಹೊಸ ಗಾಯಕರು ಕೊಡುವ ಉತ್ತರ ಒಂದೇ: "ಕನ್ನಡದಲ್ಲಿ ಬರೆದರೆ ಹೊರಗಿನವರಿಗೆ ತಲುಪುವುದಿಲ್ಲ ಸಾರ್, ಮಾರುಕಟ್ಟೆ ಬೇಕಲ್ಲ." ಈ ಮಾತನ್ನು ನಾವು ಗೌರವದಿಂದಲೇ ಕೇಳೋಣ. ಅವರಿಗೂ ಹೊಟ್ಟೆಯಿದೆ, ಬಾಡಿಗೆಯಿದೆ. ಸಿನಿಮಾದ ಆಸರೆಯಿಲ್ಲದೆ ಕನ್ನಡದಲ್ಲಿ ಹಾಡಿ ಬದುಕುವುದು ಸುಲಭವಲ್ಲ. ಆದರೆ ಅವರ ಲೆಕ್ಕ ಸರಿಯೇ?

ದಕ್ಷಿಣ ಕೊರಿಯಾದ ಬಿಟಿಎಸ್ ಎಂಬ ಏಳು ಹುಡುಗರ ತಂಡವನ್ನು ನಿಮ್ಮ ಮಕ್ಕಳನ್ನೇ ಕೇಳಿ, ಹೇಳುತ್ತಾರೆ. 2013ರಲ್ಲಿ ಹಾಡಲು ಶುರುಮಾಡಿದರು. 2015ರಿಂದ ಏಳು ಗೆಳೆಯರ ಒಂದು ಕಥೆಯನ್ನು ವಿಡಿಯೋಗಳಲ್ಲಿ, ಆಲ್ಬಂ ಜೊತೆಗೆ ಕೊಟ್ಟ ದಿನಚರಿಯ ಪುಟಗಳಲ್ಲಿ, ಮುಂದೆ 2019ರಲ್ಲಿ ಪುಸ್ತಕದಲ್ಲಿ, ಚಿತ್ರಕಥೆಯಲ್ಲಿ ಬೆಳೆಸಿದರು. ಹಾಡು ಕೊರಿಯನ್ ಭಾಷೆಯಲ್ಲಿ. 2018ರಲ್ಲಿ ಅವರ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಭಾಷೆ ಬಾರದ ಅಭಿಮಾನಿಗಳು ಏನು ಮಾಡಿದರು? ಬಿಟ್ಟು ಹೋದರೇ? ಇಲ್ಲ! ತಮ್ಮತಮ್ಮಲ್ಲೇ ಅನುವಾದ ಮಾಡಿಕೊಂಡರು, ಕೊರಿಯನ್ ಕಲಿಯಲು ಕೂತರು. 2020ರಲ್ಲಿ ಆ ತಂಡದ ಕಂಪನಿಯೇ ಹುಡುಗರ ಮಾತುಗಳನ್ನು ಹಿಡಿದು ಕೊರಿಯನ್ ಭಾಷೆಯ ಪಾಠಗಳನ್ನು ಹೊರತಂದಿತು. ಅದೇ ವರ್ಷ ತಂಡ ಇಂಗ್ಲಿಷ್ ಹಾಡನ್ನೂ ಹಾಡಿತು ನಿಜ. ಆದರೆ ಅದು ತಾಯ್ನುಡಿಯಲ್ಲಿ ಜಗತ್ತು ಗೆದ್ದ ಮೇಲಿನ ಮಾತು.

ಕೊರಿಯನ್ ಬಾರದವರು ಹಾಡಿಗಾಗಿ ಕೊರಿಯನ್ ಕಲಿತರು. ಕನ್ನಡ ಬಲ್ಲವರು ಕನ್ನಡ ಹಾಡಿಗಾಗಿ ಇಂಗ್ಲಿಷ್ ಓದುತ್ತಿದ್ದೇವೆ. ಇದಕ್ಕಿಂತ ವಿಚಿತ್ರ ಬೇಕೆ?

ಇಷ್ಟು ದೂರ ಹೋಗುವುದೇ ಬೇಡ ಎನ್ನುವವರಿಗೆ ನಮ್ಮ ರಘು ದೀಕ್ಷಿತರಿದ್ದಾರೆ. 2008ರ ಅವರ ಮೊದಲ ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಪಕ್ಕದಲ್ಲೇ ಶರೀಫರ ಗುಡುಗುಡಿ ಕೂತಿತ್ತು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಬ್ರಿಟನ್ನಿಗೆ ಹೋದ ಅವರಿಗೆ 2011ರಲ್ಲಿ ಅಲ್ಲಿನ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಪ್ರತಿಭೆಯ ಪ್ರಶಸ್ತಿ ಬಂತು. ಕನ್ನಡ ಪದ ಹಾಡಿದ್ದರಿಂದ ಅವರ ಮಾರುಕಟ್ಟೆ ಕುಸಿಯಿತೇ? ನೂರೈವತ್ತು ವರ್ಷದ ಹಿಂದಿನ ಪದ, ಹಳ್ಳಿಯ ಲುಂಗಿ, ಗೆಜ್ಜೆ ಇವೇ ಅವರನ್ನು ನೂರು ಜನರ ನಡುವೆ ಗುರುತಿಸುವಂತೆ ಮಾಡಿದವು. ಹೊರಗಿನವನಿಗೆ ಬೇಕಾದದ್ದು ತನ್ನದರ ನಕಲಲ್ಲ, ನಮ್ಮದರ ಅಸಲು.

ನಮ್ಮ ನೆಲದಲ್ಲೇ ನೋಡಿ. 2005ರಲ್ಲಿ ಅಶ್ವತ್ಥರು ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಎಂದು ಕಾರ್ಯಕ್ರಮ ಮಾಡಿದಾಗ ಮೈದಾನ ತುಂಬಿ ಹರಿಯಿತು. ಬಂದವರು ಸಿನಿಮಾ ತಾರೆ ನೋಡಲು ಬಂದವರಲ್ಲ, ಕವಿತೆ ಕೇಳಲು ಬಂದವರು! ಕನ್ನಡಕ್ಕೆ ಮಾರುಕಟ್ಟೆಯಿಲ್ಲ ಎನ್ನುವವರು ಆ ಸಂಜೆಯ ಚಿತ್ರವನ್ನು ಒಮ್ಮೆ ನೋಡಲಿ.

ಅರಿಶಿನಕುಂಟೆಯಲ್ಲೇ ಏಕಾಗಬಾರದು?

ಇದೆಲ್ಲ ಬೆಂಗಳೂರಿನ ದೊಡ್ಡವರ ವ್ಯವಹಾರ ಎಂದು ಕೈ ತೊಳೆದುಕೊಳ್ಳಬೇಡಿ. ನೆಲಮಂಗಲದ ಸುತ್ತಿನ ಹಳ್ಳಿಗಳಲ್ಲಿ ಇಂದಿಗೂ ಕುರುಕ್ಷೇತ್ರ ನಾಟಕ ಆಡುತ್ತಾರೆ. ರೈತ, ಕಾರ್ಖಾನೆಯ ಕಾರ್ಮಿಕ, ಆಟೋ ಚಾಲಕ ಸೇರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ಕಂದಪದ್ಯ ಕಲಿಯುತ್ತಾರೆ. ದುರ್ಯೋಧನನ ಕಿರೀಟ ತೊಟ್ಟ ಊರಿನವರ ಮುಖ ಫ್ಲೆಕ್ಸಿನ ಮೇಲೆ ಊರ ಬಾಗಿಲಲ್ಲಿ ನಿಲ್ಲುತ್ತದೆ. ರಾತ್ರಿಯಿಡೀ ನಾಟಕ. ಬೆಳಗಾಗುವಷ್ಟರಲ್ಲಿ ಯಾರದೋ ಫೋನಿನಲ್ಲಿ ಅದರ ತುಣುಕು ಊರೂರು ಸುತ್ತುತ್ತದೆ. ಬಹುಮಾಧ್ಯಮದ ಕಥನಕ್ಕೆ ಬೇಕಾದ ಸಾಮಾನೆಲ್ಲ ಇಲ್ಲೇ ಇದೆ. ಇಲ್ಲದಿರುವುದು ಪೋಣಿಸುವ ಕೈ.

ಈ ಸೀಮೆಯ ಹಾಡುಗಾರ ಹುಡುಗರಿಗೆ ಒಂದು ಮಾತು. ಆ ಮೇಷ್ಟ್ರ ಕಥೆಯನ್ನು ಅವರ ಬಾಯಲ್ಲೇ ಕೇಳಿ ದಾಖಲಿಸಿ. ಅವರು ಕಲಿಸಿದ ಮಟ್ಟಿಗೆ ನಿಮ್ಮ ಹೊಸ ಹಾಡು ಕಟ್ಟಿ. ಹಾಡಿನಲ್ಲಿ ಹೇಳದೆ ಬಿಟ್ಟದ್ದನ್ನು ನಾಲ್ಕು ಪುಟದ ಕನ್ನಡ ಪುಸ್ತಕದಲ್ಲಿ ಅಚ್ಚು ಹಾಕಿ, ಹಿಂದಿನ ಹಾಡಿನ ಪುಸ್ತಕದಂತೆ. ಪಕ್ಕದಲ್ಲೇ ಶಿವಗಂಗೆ ಬೆಟ್ಟವಿದೆ. ಹೊಯ್ಸಳರ ರಾಣಿ ಶಾಂತಲೆಯ ಕೊನೆಯ ಕಥೆಯನ್ನು ಜನ ಆ ಬೆಟ್ಟಕ್ಕೆ ಗಂಟು ಹಾಕಿದ್ದಾರೆ. ನಾಟ್ಯ ಬಲ್ಲ ರಾಣಿ, ಕಡಿದಾದ ಬಂಡೆ! ಒಂದು ಹಾಡು ಬೆಟ್ಟದ ಬುಡದಲ್ಲಿ, ಒಂದು ತುದಿಯಲ್ಲಿ, ನಡುವಿನ ಕಥೆ ಹತ್ತುವವನೇ ಹುಡುಕಿಕೊಳ್ಳಲಿ. ಲಿಸ್ಬನ್ನಿನ ಶೌಚಾಲಯಕ್ಕಿಂತ ನಮ್ಮ ಶಿವಗಂಗೆಯ ಮೆಟ್ಟಿಲು ಕಥೆಗೆ ಯೋಗ್ಯವಾದ ಜಾಗವಲ್ಲವೇ?

ಇನ್ನೊಂದು ಮಾತು. ಈ ಹೆದ್ದಾರಿಯ ಬದಿಯ ಗೋದಾಮು, ಕಾರ್ಖಾನೆಗಳಿಗೆ ಬೇರೆ ರಾಜ್ಯಗಳಿಂದ ದುಡಿಯಲು ಬಂದ ಹುಡುಗರಿದ್ದಾರೆ. ಅವರು ಕನ್ನಡ ಕಲಿಯಬೇಕು ಎಂದು ನಾವು ಹೇಳುತ್ತಲೇ ಬಂದಿದ್ದೇವೆ. ಬರೀ ಹೇಳಿದರೆ ಯಾರು ಕಲಿಯುತ್ತಾರೆ? ಹಾಡು ಕಲಿಸುತ್ತದೆ, ಕಥೆ ಕಲಿಸುತ್ತದೆ. ಮುಂದೇನಾಯಿತು ಎಂದು ತಿಳಿಯುವ ಆಸೆ ಹುಟ್ಟಿಸಿದರೆ ಅವರೇ ಅಕ್ಷರ ಹುಡುಕಿಕೊಂಡು ಬರುತ್ತಾರೆ. ಆದರೆ ಆ ಅಕ್ಷರ ಅಲ್ಲಿರಬೇಕಲ್ಲ! ಹಾಡಿನ ಹೆಸರನ್ನೇ ನಾವು ಕನ್ನಡದಲ್ಲಿ ಬರೆಯದಿದ್ದರೆ ಅವರು ಕಲಿಯುವುದಾದರೂ ಏನನ್ನು?

ನಮ್ಮ ಒತ್ತಾಯಗಳು

ಹಾಡುವವರೇ, ಹಾಡಿನ ಹೆಸರನ್ನು ಮೊದಲು ಕನ್ನಡ ಅಕ್ಷರದಲ್ಲಿ ಹಾಕಿ. ಕೆಳಗೆ ಯಾವ ಭಾಷೆಯನ್ನಾದರೂ ಹಾಕಿಕೊಳ್ಳಿ, ಬೇಡ ಎನ್ನುವವರು ನಾವಲ್ಲ.

ಬರೆದವರ ಹೆಸರು ಬಿಡಬೇಡಿ. ಕವಿಯ ಹೆಸರಿಲ್ಲದ ಭಾವಗೀತೆ ತಂದೆಯ ಹೆಸರಿಲ್ಲದ ಲಗ್ನಪತ್ರಿಕೆ.

ಹಾಡಿನ ಪೂರ್ತಿ ಸಾಹಿತ್ಯವನ್ನು, ಅದು ಹುಟ್ಟಿದ ಕಥೆಯನ್ನು ಕನ್ನಡದಲ್ಲಿ ಬರೆಯಿರಿ. ಅಭಿಮಾನಿಯ ಜೊತೆ ಆಡುವ ಮಾತೂ ಕನ್ನಡದಲ್ಲಿರಲಿ. ಹಾಡಿನಲ್ಲಿ "ನನ್ನ ಕನ್ನಡ" ಎಂದು ಎದೆ ತಟ್ಟಿಕೊಂಡು, ಹಾಡು ಮುಗಿದ ಮೇಲೆ ಇಂಗ್ಲಿಷಿನಲ್ಲಿ ಕೃತಜ್ಞತೆ ಹೇಳುವುದು ಬೇಡ.

ರಾಜ್ಯೋತ್ಸವದ ಪೆಂಡಾಲು ಹಾಕುವ ಸಂಘದವರೇ, ನವೆಂಬರಿನ ರಸಮಂಜರಿಗೆ ವಾದ್ಯಗೋಷ್ಠಿ ಕರೆಸುತ್ತೀರಿ. 1993ರ 'ಆಕಸ್ಮಿಕ' ಚಿತ್ರದ ಹಾಡಿಗೆ ಬಾವುಟ ಬೀಸಿ ಕುಣಿದು ಮನೆಗೆ ಹೋಗುತ್ತೀರಿ. ಕುಣಿಯಿರಿ, ತಪ್ಪಿಲ್ಲ. ಅದರ ಜೊತೆಗೆ ಆ ವರ್ಷ ಹೊಸ ಕನ್ನಡ ಹಾಡು ಕಟ್ಟಿದ ಒಬ್ಬ ಸ್ಥಳೀಯ ಹುಡುಗನನ್ನೋ ಹುಡುಗಿಯನ್ನೋ ವೇದಿಕೆಗೆ ಕರೆದು, ಅವರ ಹಾಡನ್ನೂ ಹಾಡಿನ ಕಥೆಯನ್ನೂ ಕೇಳಿ.

ಕೊನೆಯದು ನಿಮಗೆ, ಓದುಗರೇ. ಹಾಡು ಮೆಚ್ಚಿದರೆ ಹಾಡಿದವರಿಗೆ ಕನ್ನಡ ಅಕ್ಷರದಲ್ಲಿ ಎರಡು ಸಾಲು ಬರೆಯಿರಿ. ಬರೆದವರು ಯಾರು ಎಂದು ಕೇಳಿ. ಕನ್ನಡದಲ್ಲಿ ಏಕೆ ಹೆಸರು ಹಾಕಿಲ್ಲ ಎಂದು ವಿನಯದಿಂದಲೇ ಕೇಳಿ. ಒಬ್ಬರು ಕೇಳಿದರೆ ನಗುತ್ತಾರೆ, ನೂರು ಜನ ಕೇಳಿದರೆ ಯೋಚಿಸುತ್ತಾರೆ, ಸಾವಿರ ಜನ ಕೇಳಿದರೆ ಬದಲಾಯಿಸುತ್ತಾರೆ. ಅವರೇ ಜಪಿಸುವ ಮಾರುಕಟ್ಟೆ ಎಂದರೆ ಬೇರೆ ಯಾರೂ ಅಲ್ಲ, ನೀವೇ!

ನಾಲ್ಕು ನಿಮಿಷದ ಕನ್ನಡ ನಮಗೆ ಸಾಲದು. ಐದನೆಯ ನಿಮಿಷವೂ ಕನ್ನಡದ್ದಾಗಲಿ.